ಕುಡಿಯದವಳ ಪ್ಯಾಕೇಜು

ಎರಡು ಅಂಗಡಿ ತಿರುಗದೆ ಒಂದು ಡಜನ್ ಬಾಳೆಹಣ್ಣು ಕೊಂಡವನಲ್ಲ ನಾನು. ಜಮಖಂಡಿ ಸಂತೆಯಲ್ಲಿ ನನ್ನನ್ನು ದೂರದಿಂದ ಕಂಡ ಕೂಡಲೇ ಬದನೆಕಾಯಿ ಮಾರುವ ಹೆಂಗಸು ಪಕ್ಕದವಳಿಗೆ, ಈಗ ಈ ಮನುಷ್ಯ ಬಂದು ನಮಗೆ ಮುಧೋಳ ಸಂತೆಯ ರೇಟು ಹೇಳುತ್ತಾನೆ ನೋಡು ಎಂದು ಎಚ್ಚರಿಕೆ ಕೊಡುತ್ತಾಳೆ. ನಾನು ಹೇಳಿಯೇ ಹೇಳುತ್ತೇನೆ. ಇದು ಶುದ್ಧ ಜಿಪುಣತನ ಎಂದು ನನ್ನ ಹೆಂಡತಿಯ ತವರಿನವರು ತೀರ್ಪು ಕೊಟ್ಟು ಬಹಳ ವರ್ಷಗಳಾದವು. ಆದರೆ ನನ್ನ ಕಡೆಯಿಂದಲೂ ಒಂದು ಮಾತಿದೆ. ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು ನಾನು. ಟೆಂಡರುಗಳು ಬಂದಾಗ ಯಾರದು ಎಷ್ಟು, ಯಾವುದರಲ್ಲಿ ಏನು ಸೇರಿದೆ, ಏನು ಬಿಟ್ಟಿದೆ ಎಂದು ಅಡ್ಡಗೆರೆ ಉದ್ದಗೆರೆ ಎಳೆದು ಹೋಲಿಕೆಯ ಪಟ್ಟಿ ಬರೆಯುವುದೇ ನನ್ನ ಕೆಲಸವಾಗಿತ್ತು. ಕಚೇರಿ ಬಿಟ್ಟರೂ ಆ ಚಟ ಬಿಡಲಿಲ್ಲ.

ಇಂಥವನಿಗೆ ಬಾಳಿನಲ್ಲಿ ಎದುರಾದ ಅತಿ ಕಠಿಣ ಹೋಲಿಕೆ ಯಾವುದು ಎಂದು ಹೇಳಿದರೆ ನೀವು ನಗುತ್ತೀರಿ. ಮುಂಬಯಿಯಿಂದ ಗೋವಾ ಕಡೆ ಹೋಗಿಬರುವ ಪ್ರವಾಸದ ಹಡಗಿನಲ್ಲಿ ಬರೀ ಟಿಕೀಟು ತೆಗೆಸಿ ಬಾಯಾರಿದಾಗ ಕೊಂಡು ಕುಡಿಯುವುದು ಲಾಭವೋ, ಟಿಕೀಟಿನ ಮೇಲೆ ಪಾನೀಯಗಳ ಪ್ಯಾಕೇಜು ಬೇರೆ ತೆಗೆದುಕೊಳ್ಳುವುದು ಲಾಭವೋ, ಅಥವಾ ಎಲ್ಲ ಒಳಗೊಂಡ ದೊಡ್ಡ ಟಿಕೀಟೇ ಲಾಭವೋ? ನಗುವ ಮುಂಚೆ ಇದನ್ನೂ ಕೇಳಿ. ನನ್ನ ಜೊತೆ ಹೊರಟಿದ್ದವಳು ನನ್ನ ಹೆಂಡತಿ ಲಕ್ಕವ್ವ. ಅವಳ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಎರಡು ಸಲ ಬಾಗಲಕೋಟೆಗೆ ಹೋಗಿ ಯಂತ್ರಕ್ಕೆ ಕೈಯೊಡ್ಡಿ ಮಲಗಿ ರಕ್ತ ತೊಳೆಸಿಕೊಂಡು ಬರಬೇಕಿತ್ತು. ಡಾಕ್ಟರು ಅವಳಿಗೆ ಒಂದು ಸಣ್ಣ ತಂಬಿಗೆ ನೀರು ಗೊತ್ತುಮಾಡಿದ್ದರು. ಬೆಳಿಗ್ಗೆ ಅದನ್ನು ತುಂಬಿಡಬೇಕು, ಇಡೀ ದಿನಕ್ಕೆ ಅಷ್ಟೇ. ಚಹಾ, ಸಾರು, ಮಜ್ಜಿಗೆ, ಗುಳಿಗೆ ನುಂಗುವ ಗುಟುಕು, ಎಲ್ಲವೂ ಅದರೊಳಗೇ ಬರಬೇಕು. ಮೀರಿದರೆ ನೀರು ಎದೆಗೇರಿ ಉಸಿರು ಸಿಗುವುದಿಲ್ಲ. ಒಮ್ಮೆ ಬೇಸಿಗೆಯಲ್ಲಿ ಹಾಗೆ ಆಗಿಯೂ ಇತ್ತು. ಆ ಹೊತ್ತಿನ ಅವಳ ಕಣ್ಣು ನಾನು ಇನ್ನೂ ಮರೆತಿಲ್ಲ.

ನೀರು ಕಡಿಮೆಯಾದದ್ದನ್ನು ಲಕ್ಕವ್ವ ಸಹಿಸಿಕೊಂಡಳು. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳುತ್ತಿದ್ದಳು, ಒಂದು ಯಾಲಕ್ಕಿ ದವಡೆಗೆ ಇಟ್ಟುಕೊಳ್ಳುತ್ತಿದ್ದಳು. ಅವಳಿಂದ ಸಹಿಸಲಾಗದ್ದು ಬೇರೆಯೇ ಇತ್ತು. ನಮ್ಮ ಮನೆಗೆ ಬಂದವರು ಚಹಾ ಕುಡಿಯುವುದನ್ನು ನಿಲ್ಲಿಸಿಬಿಟ್ಟರು.

ಇದರ ಭಾರ ನಿಮಗೆ ತಿಳಿಯಬೇಕಾದರೆ ನಮ್ಮ ಜನದ ರೀತಿ ತಿಳಿಯಬೇಕು. ನಾವು ಮೂಲದಲ್ಲಿ ಕುರಿಯವರು, ಬೀರೇಶ್ವರನ ಒಕ್ಕಲು. ಲಕ್ಕವ್ವನ ತವರು ಬೀಳಗಿ ಕಡೆಯ ಹೊಳೆದಂಡೆಯ ಊರು. ಅಡವಿಯಲ್ಲಿ ಕುರಿ ತರುಬಿ ಬೀಡುಬಿಟ್ಟಾಗಲೂ ಹಟ್ಟಿಗೆ ಬಂದವನು, ದಾರಿ ತಪ್ಪಿ ಬಂದವನಾದರೂ ಸರಿ, ಒಂದು ಬಟ್ಟಲು ಹಾಲು ಕುಡಿಯದೆ ಎದ್ದು ಹೋಗುವಂತಿರಲಿಲ್ಲ. ನೌಕರಿ ಹಿಡಿದು ಊರು ಸೇರಿದ ನಮ್ಮಂಥವರ ಮನೆಗಳಲ್ಲಿ ಹಾಲಿನ ಜಾಗಕ್ಕೆ ಚಹಾ ಬಂತು. ಕರೆಂಟು ಬಿಲ್ಲು ಕೊಡಲು ಬಂದವನಿಗೂ ಲಕ್ಕವ್ವ ಚಹಾ ಕುಡಿಸಿ ಕಳಿಸುತ್ತಿದ್ದಳು. ಬೇಡ ಅಂದರೆ ಅವನ ತಾಯಿಯ ಆರೋಗ್ಯ ವಿಚಾರಿಸುತ್ತ ನಿಲ್ಲಿಸಿ, ಅಷ್ಟರಲ್ಲಿ ಒಲೆ ಹಚ್ಚಿರುತ್ತಿದ್ದಳು. ಇನ್ನೊಂದು ರೀತಿಯೂ ನಮ್ಮಲ್ಲಿದೆ. ಸಾವಾದ ಮನೆಗೆ ಮಾತಾಡಿಸಲು ಹೋದವರು ಅಲ್ಲಿ ಏನನ್ನೂ ಬಾಯಿಗೆ ಹಾಕುವುದಿಲ್ಲ. ತಲೆ ತಗ್ಗಿಸಿ ಕೂತು, ಎರಡು ಮಾತಾಡಿ, ಬರುತ್ತೇನೆ ಎಂದೂ ಹೇಳದೆ ಎದ್ದು ಹೋಗುತ್ತಾರೆ.

ರಬಕವಿಯಿಂದ ನನ್ನ ಅಕ್ಕ ಮಾದೇವಕ್ಕ ಬಂದಳು. ಲಕ್ಕವ್ವ ಒಲೆಯ ಕಡೆ ಹೋಗುತ್ತಿದ್ದಂತೆ ಅಕ್ಕ ಅವಳ ಕೈಹಿಡಿದು ಕೂರಿಸಿದಳು. ನೀನು ಒಂದು ಗುಟುಕಿಗೆ ಲೆಕ್ಕ ಹಾಕುವಾಗ ನಿನ್ನೆದುರು ಕೂತು ನಾನು ಹೇಗೆ ಸೊರ್ ಎಂದು ಕುಡಿಯಲಿ ಎಂದಳು. ಪ್ರೀತಿಯಿಂದಲೇ ಅಂದದ್ದು. ಪಕ್ಕದ ಮನೆಯವರು ಈಗಷ್ಟೇ ಕುಡಿದು ಬಂದೆವು ಎಂದರು. ಕಚೇರಿಯ ಹಳೆಯ ಗೆಳೆಯರು ಗೇಟಿನ ಹತ್ತಿರವೇ ನಿಂತು ಮಾತು ಮುಗಿಸುವುದನ್ನು ಕಲಿತರು. ಎಲ್ಲರೂ ಒಳ್ಳೆಯವರು, ಯಾರನ್ನೂ ದೂರುವಂತಿಲ್ಲ. ನಾನೂ ಅವರಲ್ಲೊಬ್ಬ. ಬೆಳಿಗ್ಗೆ ಪೇಪರು ತರುವ ನೆಪ ಮಾಡಿ ಬಸ್‌ಸ್ಟ್ಯಾಂಡಿಗೆ ಹೋಗಿ ಹೋಟೆಲಿನಲ್ಲಿ ಚಹಾ ಕುಡಿದು, ಮೀಸೆ ಒರೆಸಿಕೊಂಡು ಬರುತ್ತಿದ್ದೆ. ಒಂದು ದಿನ ಅಕ್ಕ ಹೋದ ಮೇಲೆ ಲಕ್ಕವ್ವ ಬಾಗಿಲ ಹತ್ತಿರ ಕೂತು ಹೇಳಿದಳು.

"ನಾ ಇನ್ನಾ ಜೀವಂತ ಅದೇನ್ರಿ. ಮಂದಿ ಸತ್ತವರ ಮನಿಗೆ ಬಂದಂಗ ಬಂದು ಹೋಗ್ತಾರ."

 

ಹೀಗಿರುವಾಗ ಮಹಾಲಿಂಗಪುರದ ಬಸಲಿಂಗಪ್ಪ ನಮ್ಮ ಮನೆಗೆ ಬಂದ. ಇವನದು ಬೆಲ್ಲದ ದಲಾಲಿ. ಅದರ ಜೊತೆಗೆ ವರ್ಷಕ್ಕೊಮ್ಮೆ ಕಾಶಿಗೆ ಬಸ್ಸು ಹೊರಡಿಸುತ್ತಿದ್ದ. ಈ ಸಲ ಯಾರೋ ಮುಂಬಯಿಯವರು ಅವನ ಕೈಗೆ ಹಡಗಿನ ಏಜನ್ಸಿ ಕೊಟ್ಟಿದ್ದರು. ಬಣ್ಣದ ಕಾಗದ ಹರವಿ, ನೀರಿನ ಮೇಲೆ ನಿಂತ ಏಳೆಂಟು ಅಂತಸ್ತಿನ ಕಟ್ಟಡವೊಂದನ್ನು ತೋರಿಸಿ, ಇದು ನಡೆಯುತ್ತದೆ ಎಂದ. ಲಕ್ಕವ್ವ ಎಂದಿನ ರೂಢಿಯಂತೆ, ಆಸೆಯೇನೂ ಇಟ್ಟುಕೊಳ್ಳದೆ, ಚಹಾ ಮಾಡಲೇ ಎಂದು ಕೇಳಿದಳು. ಬಸಲಿಂಗಪ್ಪನಿಗೆ ನಮ್ಮ ಮನೆಯ ಸಂಗತಿ ಗೊತ್ತಿರಲಿಲ್ಲ. ಮಾಡಿರಿ, ಸಕ್ಕರೆ ಜರಾ ಜಾಸ್ತಿ ಇರಲಿ ಎಂದ. ಬೆಲ್ಲದ ವ್ಯಾಪಾರಿಗೆ ಸಕ್ಕರೆಯ ಮೇಲೆ ಎಷ್ಟು ಜೀವ ನೋಡಿ. ಕಪ್ಪಿನ ಕೆಳಗಿನ ಬಶಿಗೆ ಸುರುವಿಕೊಂಡು ಸದ್ದುಮಾಡುತ್ತ ಕುಡಿದು, ಛಲೋ ಆಗೇತಿ ಎಂದು ಇನ್ನೊಂದು ಅರ್ಧ ಕಪ್ಪು ಕೇಳಿದ. ಲಕ್ಕವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ಹಡಗಿನ ಪುರಾಣ ಪೂರ್ತಿ ಕೇಳಿದಳು. ಅವನು ಎದ್ದಾಗ, ನಾವು ಹೋಗೋಣ ಎಂದು ನನಗೆ ಹೇಳಿದಳು. ಇವಳಿಗೆ ಸಮುದ್ರದ ಆಸೆ ಹುಟ್ಟಿತು ಎಂದುಕೊಂಡೆ. ಡಾಕ್ಟರನ್ನು ಕೇಳಿದೆ. ಎರಡು ರಾತ್ರಿಯ ಪ್ರವಾಸ, ಒಂದು ತೊಳೆತಕ್ಕೂ ಇನ್ನೊಂದಕ್ಕೂ ನಡುವೆ ಮುಗಿಯುತ್ತದೆ, ನೀರಿನ ಲೆಕ್ಕ ತಪ್ಪದಿದ್ದರೆ ಹೋಗಿಬನ್ನಿ ಎಂದರು.

ಈಗ ಪ್ಯಾಕೇಜಿನ ಮಾತು. ಬಸಲಿಂಗಪ್ಪ ಅದನ್ನು ಕಾಶಿ ಬಸ್ಸಿನ ಭಾಷೆಯಲ್ಲಿ ತಿಳಿಸಿಹೇಳಿದ. ಬರೀ ಟಿಕೀಟು ಅಂದರೆ ಕೋಣೆ ಮತ್ತು ಊಟ, ಶರಬತ್ತು ಬೇಕಾದಾಗ ರೊಕ್ಕ ಬಿಚ್ಚಬೇಕು. ಪ್ಯಾಕೇಜು ಅಂದರೆ ಶರಬತ್ತು, ಸೋಡಾ, ಹಣ್ಣಿನ ರಸ ಎಷ್ಟು ಬೇಕಾದರೂ. ಎಲ್ಲ ಸೇರಿದ ಟಿಕೀಟಿನಲ್ಲಿ ಇವುಗಳ ಜೊತೆ ಬ್ರಾಂದಿ, ವಿಸ್ಕಿಯಂಥ ಬಾಟಲಿಯ ದೊಡ್ಡವರೂ ಬರುತ್ತಾರೆ, ಬಂದರಿನ ತೆರಿಗೆ, ಆಳುಗಳ ಬಕ್ಷೀಸೂ ಅದರೊಳಗೇ. ನಮ್ಮ ಮನೆತನದಲ್ಲಿ ಬಾಟಲಿ ಹಿಡಿದವರಿಗೆ ಬರವಿಲ್ಲ, ನಾನು ಮಾತ್ರ ಚಹಾದಲ್ಲೇ ನಿಂತುಹೋದವನು. ಹಾಗಾಗಿ ನನ್ನ ಪಟ್ಟಿಯಲ್ಲಿ ಆ ಕಾಲಮ್ಮಿಗೆ ಮೊದಲೇ ಕಾಟು ಬಿತ್ತು.

ಒಂದು ಷರತ್ತು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಒಂದು ಕೋಣೆಯಲ್ಲಿರುವ ದೊಡ್ಡವರಲ್ಲಿ ಒಬ್ಬರು ಪ್ಯಾಕೇಜು ತೆಗೆದುಕೊಂಡರೆ ಇನ್ನೊಬ್ಬರೂ ತೆಗೆದುಕೊಳ್ಳಲೇಬೇಕು. ಒಬ್ಬರ ಕಾರ್ಡಿನ ಮೇಲೆ ಬಂದದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಈ ಹಡಗಿನ ಕಂಪನಿಯವರು ಎಂದೋ ಜಮಖಂಡಿ ಬಸ್‌ಸ್ಟ್ಯಾಂಡಿಗೆ ಬಂದು ಹೋಗಿರಬೇಕು ಎನ್ನಿಸಿತು. ನಮ್ಮಲ್ಲಿ ಇಬ್ಬರು ಕೂಡಿದರೆ ಒಂದು ಚಹಾ ಹೇಳುತ್ತಾರೆ. ಕಪ್ಪಿನದು ಒಬ್ಬನಿಗೆ, ಬಶಿಯದು ಇನ್ನೊಬ್ಬನಿಗೆ. ಮೂರನೆಯವನು ಬಂದರೆ ಒಂದು ಖಾಲಿ ಗ್ಲಾಸು ತರಿಸುತ್ತಾರೆಯೇ ಹೊರತು ಇನ್ನೊಂದು ಚಹಾ ಹೇಳುವುದಿಲ್ಲ. ಹೀಗೆ ಹಂಚಿಕೊಂಡು ಕುಡಿಯುವ ಜನರನ್ನು ತಡೆಯಲೆಂದೇ ಬರೆದಂತಿತ್ತು ಆ ಷರತ್ತು.

ಖಾನಾವಳಿಯಲ್ಲಿ ಉಂಡವನಾದ್ದರಿಂದ ಪ್ಯಾಕೇಜಿನ ಮರ್ಮ ನನಗೆ ಗೊತ್ತು. ಮದುವೆಗೆ ಮುಂಚೆ ನಾನು ಉಣ್ಣುತ್ತಿದ್ದ ಖಾನಾವಳಿಯಲ್ಲಿ ಎಷ್ಟು ರೊಟ್ಟಿ ತಿಂದರೂ ಒಂದೇ ದರ. ನಾನು ಎರಡು ರೊಟ್ಟಿಗೆ ಕೈತೊಳೆಯುವವನು. ನನ್ನ ಎದುರಿಗೆ ಗರಡಿಮನೆಯ ಪೈಲವಾನನೊಬ್ಬ ಕೂಡುತ್ತಿದ್ದ. ಅವನಿಗೆ ಬಡಿಸುವವಳು ರೊಟ್ಟಿಯ ಬುಟ್ಟಿಯನ್ನೇ ತಂದು ಪಕ್ಕಕ್ಕಿಡುತ್ತಿದ್ದಳು. ಇಬ್ಬರೂ ಕೊಡುವುದು ಒಂದೇ ರೊಕ್ಕ, ಮಾಲಕನ ಮುಖದಲ್ಲಿ ಮಾತ್ರ ಯಾವ ಚಿಂತೆಯೂ ಇಲ್ಲ. ಚಿಂತೆ ಯಾಕೆ ಬರಬೇಕು? ನನ್ನಂಥ ಬಡಕಲು ಗುಮಾಸ್ತರು ಅವನಿಗೆ ಸಾಲುಸಾಲಾಗಿ ಇದ್ದರು. ಕಡಿಮೆ ಉಣ್ಣುವವನು ಹೆಚ್ಚು ಉಣ್ಣುವವನಿಗೆ ಗೊತ್ತಿಲ್ಲದೆ ಹಾಕುವ ಊಟಕ್ಕೇ ಪ್ಯಾಕೇಜು ಎಂದು ಹೆಸರು. ಆ ಲೆಕ್ಕದಲ್ಲಿ ಲಕ್ಕವ್ವನಂಥ ಗಿರಾಕಿ ಹಡಗಿನವರಿಗೆ ಕನಸಿನಲ್ಲೂ ಸಿಗಲಾರಳು. ಬರೀ ಟಿಕೀಟು ತೆಗೆಸಬೇಕು, ಇದರಲ್ಲಿ ಎರಡನೆಯ ಮಾತಿಲ್ಲ ಎಂದು ಷರಾ ಬರೆದು ಪಟ್ಟಿಯನ್ನು ಅವಳ ಮುಂದಿಟ್ಟೆ.

ಅವಳು ಅದನ್ನು ಮುಟ್ಟಲೂ ಇಲ್ಲ. ಎಲ್ಲ ಸೇರಿದ್ದೇ ಬೇಕು ಎಂದಳು. ನಿನಗೆ ಒಂದು ತಂಬಿಗೆಯ ಮೇಲೆ ಒಂದು ಹನಿ ಇಲ್ಲ, ಮಿತಿಯಿಲ್ಲದೆ ಕುಡಿಯುವುದಕ್ಕೆ ಯಾಕೆ ರೊಕ್ಕ ಸುರಿಯಬೇಕು ಎಂದು ಕೇಳಿದೆ. ಖರೆ ಹೇಳುತ್ತೇನೆ, ಸ್ವಲ್ಪ ದನಿ ಏರಿಸಿಯೇ ಕೇಳಿದೆ.

"ನಮ್ಮಪ್ಪಗೂ ನೀವು ಹಿಂಗ ಪಟ್ಟಿ ಹಾಕಿ ಕೊಟ್ಟಿದ್ರಿ," ಅಂದಳು.

 ನಮ್ಮ ಜಿಲ್ಲೆಗೆ ಪ್ಯಾಕೇಜು ಎಂಬ ಶಬ್ದ ಬಂದದ್ದು ಹಡಗಿನಿಂದಲ್ಲ, ಆಣೆಕಟ್ಟಿನಿಂದ. ಹಿನ್ನೀರು ಏರುತ್ತದೆ ಎಂದಾದಾಗ ಅವಳ ತವರಿನ ಊರೂ ಮುಳುಗುವ ಪಟ್ಟಿಯಲ್ಲಿತ್ತು. ಇಷ್ಟು ಪರಿಹಾರ, ಇಂಥ ಕಡೆ ಜಾಗ, ಸಾಮಾನು ಸಾಗಿಸಲು ಇಷ್ಟು, ಎಲ್ಲ ಸೇರಿ ಒಂದು ಪ್ಯಾಕೇಜು. ನೀರಾವರಿಯಲ್ಲಿ ಕೆಲಸ ಮಾಡುವ ಅಳಿಯ ಎಂದು ಮಾವ ನನ್ನನ್ನು ಕರೆಸಿದ. ನಾನು ಆಚೆಯ ಊರಿನವರಿಗೆ ಸಿಕ್ಕಿದ್ದನ್ನೂ ಇವರಿಗೆ ಸಿಗುವುದನ್ನೂ ಎದುರುಬದುರು ಬರೆದು, ನಿಮ್ಮದೇ ಲಾಭ ಎಂದು ತೋರಿಸಿಕೊಟ್ಟೆ. ಮಾವ ಬಹಳ ಹೊತ್ತು ಕಾಗದ ನೋಡಿ, ಕುರಿ ನೀರು ಕುಡಿಯುವ ದಂಡೆ ಇದರಲ್ಲಿ ಯಾವ ಸಾಲಿನಲ್ಲಿದೆ ಎಂದು ಕೇಳಿದ. ಆ ಸಾಲು ಇರಲಿಲ್ಲ. ಹೊಸ ಊರಿಗೆ ಹೋದ ಮೇಲೆ ಕುರಿಗಳನ್ನು ಒಂದೊಂದಾಗಿ ಮಾರಿದ. ಹಟ್ಟಿ ಇಲ್ಲವಾದ ಮೇಲೆ ಬಂದವರ ಮುಂದೆ ನಳದ ನೀರು ಇಟ್ಟು ಸಂಕೋಚ ಪಡುತ್ತಿದ್ದ. ಲೆಕ್ಕದಲ್ಲಿ ನನ್ನ ಪಟ್ಟಿ ತಪ್ಪಿರಲಿಲ್ಲ. ಆದರೂ ಮಾವ ಕೇಳಿದ ಆ ಸಾಲನ್ನು ಎಲ್ಲಿ ಬರೆಯಬೇಕಿತ್ತು ಎಂದು ಈಗಲೂ ಹುಡುಕುತ್ತೇನೆ.

ಎಲ್ಲ ಸೇರಿದ ಟಿಕೀಟೇ ಇರಲಿ ಎಂದು ಬಸಲಿಂಗಪ್ಪನಿಗೆ ಹೇಳಿಕಳಿಸಿದೆ. ಅವನು ಮುಂಗಡ ಒಯ್ಯಲು ಬಂದ. ಆ ದಿನ ಲಕ್ಕವ್ವ ಬೆಳಗಿನಿಂದಲೇ ಹಾಲು ತೆಗೆದಿಟ್ಟಿದ್ದಳು. ಆದರೆ ಹಿಂದಿನ ಸಲ ಅವನನ್ನು ಗೇಟಿನವರೆಗೆ ಕಳಿಸಲು ಹೋದಾಗ ನಾನು ಅವಳ ಕಾಯಿಲೆಯ ಸಂಗತಿ ಹೇಳಿಬಿಟ್ಟಿದ್ದೆ, ಹಡಗಿನಲ್ಲಿ ಡಾಕ್ಟರು ಇರುತ್ತಾರೋ ಇಲ್ಲವೋ ತಿಳಿದುಕೊಳ್ಳಬೇಕಿತ್ತು. ಚಹಾ ಎಂದ ಕೂಡಲೇ ಬಸಲಿಂಗಪ್ಪ ಗಡಬಡಿಸಿ, ಈಗಷ್ಟೇ ಕುಡಿದು ಬಂದೆ ತಾಯಿ ಎಂದ. ಲಕ್ಕವ್ವ ನನ್ನ ಮುಖ ನೋಡಿದಳು. ಒಲೆ ಆರಿಸಿ ಒಳಗೆ ಹೋಗಿ ಮಲಗಿಕೊಂಡಳು. 

ಹಡಗಿನ ವರ್ಣನೆಯನ್ನು ನನ್ನಿಂದ ನಿರೀಕ್ಷಿಸಬೇಡಿ. ಅದರೊಳಗೆ ಹೊಕ್ಕ ಮೇಲೆ ಹಡಗು ಕಾಣಿಸುವುದೇ ಇಲ್ಲ. ದೊಡ್ಡ ಲಾಡ್ಜಿನಲ್ಲಿ ದಾರಿ ತಪ್ಪಿದಂತಿರುತ್ತದೆ, ಅಷ್ಟೇ. ನನಗೆ ಬಡಿದ ಮೊದಲ ಪೆಟ್ಟು ಎಂದರೆ ಊಟದ ಕೋಣೆಯಲ್ಲಿ ಚಹಾ, ಕಾಫಿ, ನೀರು ಎಲ್ಲರಿಗೂ ಪುಕ್ಕಟೆ ಇದ್ದದ್ದು. ನನ್ನ ಪಟ್ಟಿಯಲ್ಲಿ ಅದಕ್ಕೂ ಒಂದು ದರ ಹಿಡಿದಿದ್ದೆ. ನಿವೃತ್ತಿಯ ನಂತರವೂ ಆಡಿಟ್ ಆಕ್ಷೇಪಣೆ ಬಂದವನಂತೆ ಕುಗ್ಗಿಹೋದೆ.

ಲಕ್ಕವ್ವ ಮಾತ್ರ ಇಳಕಲ್ ಸೀರೆ ಉಟ್ಟು ನೆಟ್ಟಗೆ ನಡೆಯುತ್ತಿದ್ದಳು. ಮೇಲಿನ ಅಂತಸ್ತಿನಲ್ಲಿ ಗಾಳಿಗೆ ಮೇಜು ಹಾಕಿದ್ದರು. ತಾನೇ ಹೋಗಿ ಕಾರ್ಡು ತೋರಿಸಿ ಒಂದು ಲಿಂಬು ಶರಬತ್ತು ತಂದು ಮುಂದಿಟ್ಟುಕೊಂಡಳು. ತುಟಿಗೆ ಸೋಕಿಸಿ ಕೆಳಗಿಟ್ಟಳು. ಅದೇ ಮೇಜಿಗೆ ಸೊಲ್ಲಾಪುರದ ಸುಮನಬಾಯಿ ಎಂಬ ಹೆಂಗಸು ಗಂಡನ ಜೊತೆ ಬಂದು ಕೂತಳು. ಲಕ್ಕವ್ವನಿಗೆ ಸಂತೆಯ ಮರಾಠಿ ಚೆನ್ನಾಗಿ ಬರುತ್ತದೆ. ಸುಮನಬಾಯಿ ಊಟದ ಕೋಣೆಯಿಂದ ತಂದ ಚಹಾ ಕುಡಿಯುತ್ತ ಸೊಸೆಯ ಸುದ್ದಿ ಹೇಳಿದಳು, ಗಂಡನ ಗೊರಕೆಯನ್ನು ಆಡಿಕೊಂಡಳು, ಇನ್ನೊಂದು ಕಪ್ಪು ತರಿಸಿಕೊಂಡಳು. ಅವಳಿಗೆ ಯಾವ ಸಂಕೋಚವೂ ಇಲ್ಲ. ಲಕ್ಕವ್ವನ ಮುಂದೆ ಗ್ಲಾಸಿತ್ತಲ್ಲ. ಅದರಲ್ಲಿದ್ದದ್ದು ಇಳಿಯುತ್ತಿದೆಯೋ ಇಲ್ಲವೋ ಯಾರು ನೋಡುತ್ತಾರೆ? ಒಂದು ವರ್ಷದಿಂದ ಅಷ್ಟು ಮಾತು ನನ್ನ ಹೆಂಡತಿಯ ಬಾಯಿಂದ ನಾನು ಕೇಳಿರಲಿಲ್ಲ. ಅವರು ಎದ್ದು ಹೋದ ಮೇಲೆ ಅವಳು ನನ್ನ ಕಡೆ ಬಾಗಿ, ಇದಕ್ಕೇ ಎಲ್ಲ ಸೇರಿದ ಟಿಕೀಟು ಬೇಕೆಂದೆ, ಎಲ್ಲರಂತೆ ನನ್ನ ಮುಂದೆಯೂ ಏನಾದರೊಂದು ಗ್ಲಾಸು ಇರುತ್ತದೆ, ಇಲ್ಲಿ ನನ್ನ ಸುದ್ದಿ ಯಾರಿಗೂ ಗೊತ್ತಿಲ್ಲ ಎಂದಳು. ಆಗ ನನಗೆ ತಿಳಿಯಿತು. ಅವಳು ಸಮುದ್ರ ನೋಡಲು ಬಂದಿರಲಿಲ್ಲ. ನಾಲ್ಕು ಮಂದಿ ನಿಶ್ಚಿಂತೆಯಿಂದ ಕುಡಿಯುವಲ್ಲಿ ಅವರ ನಡುವೆ ಕೂಡಲು ಬಂದಿದ್ದಳು.

ಮರುದಿನ ಅವಳಿಗೆ ಧೈರ್ಯ ಹೆಚ್ಚಾಯಿತು. ಅದೇ ಮೇಜು, ಅದೇ ಸುಮನಬಾಯಿ. ಲಕ್ಕವ್ವ ಈ ಸಲ ನೀಲಿ ಬಣ್ಣದ ಯಾವುದೋ ಶರಬತ್ತು ತಂದಿದ್ದಳು, ಮೇಲೆ ಒಂದು ಹಣ್ಣಿನ ಚೂರು ಸಿಕ್ಕಿಸಿತ್ತು. ಸುಮನಬಾಯಿ ಅದನ್ನು ನೋಡಿ, ಎಷ್ಟು ಚಂದ ಇದೆ ಎಂದಳು. ಅವರದು ಬರೀ ಟಿಕೀಟು. ಲಕ್ಕವ್ವನಿಗೆ ಅಷ್ಟೇ ಸಾಕಾಯಿತು. ತಾನು ಬಾಯಿ ಹಚ್ಚದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ತಗೋರಿ ತಗೋರಿ ಎನ್ನುತ್ತ ಅವಳ ಕಡೆ ಚಾಚಿದಳು. ನಮ್ಮ ಮನೆಯ ಬಾಗಿಲಲ್ಲಿ ಕರೆಂಟು ಬಿಲ್ಲಿನವನಿಗೆ ಕಪ್ಪು ಹಿಡಿಯುತ್ತಿದ್ದಳಲ್ಲ, ಹಾಗೆಯೇ. ಸುಮನಬಾಯಿ ನಗುತ್ತ ಕೈನೀಡಿದಳು.

ಅಷ್ಟರಲ್ಲಿ ಬಿಳಿ ಅಂಗಿಯ ಕೆಲಸಗಾರನೊಬ್ಬ ಬಂದು ನಿಂತ. ಬಹಳ ನಯವಾಗಿ, ತಲೆ ಬಾಗಿಸಿ, ಹಿಂದಿಯಲ್ಲಿ ಹೇಳಿದ. ಈ ಪಾನೀಯ ಇವರ ಕಾರ್ಡಿನದು, ಇನ್ನೊಬ್ಬರಿಗೆ ಕೊಡುವಂತಿಲ್ಲ, ಕೊಟ್ಟರೆ ಕಾರ್ಡು ಬಂದ್ ಆಗುತ್ತದೆ. ಅವನ ಕೆಲಸ ಅವನು ಮಾಡಿದ. ಸುಮನಬಾಯಿ ಬೆಂಕಿ ತಾಗಿದಂತೆ ಕೈ ಹಿಂದಕ್ಕೆ ತೆಗೆದುಕೊಂಡು, ಬೇಡ ಬೇಡ, ನನಗೆ ಬೇಡ ಎಂದಳು. ಲಕ್ಕವ್ವನಿಗೆ ಅಷ್ಟು ಹಿಂದಿ ತಿಳಿಯುವುದಿಲ್ಲ. ಗ್ಲಾಸು ಗಾಳಿಯಲ್ಲೇ ಹಿಡಿದುಕೊಂಡು, ಅವನು ಏನಂದ ಎಂದು ನನ್ನನ್ನು ಕೇಳಿದಳು. ಜೀವನವಿಡೀ ಷರತ್ತುಗಳನ್ನು ತಿಳಿಸಿಹೇಳಿದವನು ನಾನು, ಇದನ್ನೂ ಹೇಳಿದೆ. ಅವಳು ಗ್ಲಾಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಅಂದ್ರ ಇಲ್ಲಿನೂ ನನ್ನ ಕೈಯಾಂದು ಯಾರೂ ಕುಡ್ಯಾಂಗಿಲ್ಲ ಅಂದಂಗಾತು."

ಹೀಗೆಂದು ಸಮುದ್ರದ ಕಡೆ ಮುಖ ಮಾಡಿದಳು. ಅವಳ ಭುಜ ಅಲುಗುತ್ತಿತ್ತು. ಸುಮನಬಾಯಿ ಗಂಡನನ್ನು ಎಬ್ಬಿಸಿಕೊಂಡು ಬೇರೆ ಕಡೆ ಹೋದಳು. ಷರತ್ತಿನ ಹಿಂದಿನ ಕಾರಣ, ಖಾನಾವಳಿ, ಪೈಲವಾನ, ಇವೆಲ್ಲ ನನ್ನ ನಾಲಿಗೆಯ ತುದಿಗೆ ಬಂದವು. ಪುಣ್ಯಕ್ಕೆ ಅಲ್ಲೇ ನಿಂತವು. ನಾನು ಆ ಗ್ಲಾಸು ಎತ್ತಿಕೊಂಡೆ. ಅವಳ ಕಾರ್ಡಿನದು ನನಗೂ ಸಲ್ಲುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬಿಳಿ ಅಂಗಿಯವನು ಇನ್ನೂ ಅಲ್ಲೇ ನಿಂತಿದ್ದ. ಅವನನ್ನೇ ನೋಡುತ್ತ, ನನ್ನ ಹೆಂಡತಿಯ ಎದುರು ಕೂತು, ಗಟಗಟ ಕುಡಿದುಬಿಟ್ಟೆ. ಅವಳು ಯಂತ್ರಕ್ಕೆ ಬಿದ್ದ ಮೇಲೆ ಅವಳ ಕಣ್ಣೆದುರು ನಾನು ಕುಡಿದ ಮೊದಲ ಗ್ಲಾಸು ಅದು. ಆ ಮನುಷ್ಯನಿಗೆ ಏನು ಅರ್ಥವಾಯಿತೋ, ಪಕ್ಕದ ಮೇಜು ಒರೆಸಲು ಹೋದ.

ಲಕ್ಕವ್ವ ತಿರುಗಿ ನೋಡಿದಳು. ಗ್ಲಾಸಿನ ತಳದವರೆಗೂ ನೋಡಿದಳು. ಹೇಗಿತ್ತು ಎಂದು ಕೇಳಿದಳು. ಕೆಮ್ಮಿನ ಔಷಧಕ್ಕೆ ಸಕ್ಕರೆ ಹಾಕಿದಂತಿತ್ತು ಎಂದೆ. ಕಣ್ಣೊರೆಸಿಕೊಂಡು, ಹಾಗಾದರೆ ಬೇರೆ ಬಣ್ಣದ್ದು ತರುತ್ತೇನೆ ಎಂದು ಎದ್ದಳು. ಊರಿಗೆ ಮರಳುವವರೆಗೆ ಅವಳು ತಂದ ಬಣ್ಣಬಣ್ಣದ್ದನ್ನೆಲ್ಲ ಕುಡಿದು ನನ್ನ ಹೊಟ್ಟೆ ಕೆಟ್ಟಿತು. ಬಾಗಲಕೋಟೆಯಲ್ಲಿ ಯಂತ್ರಕ್ಕೆ ಹಾಕುವ ಮುಂಚೆ ಅವಳ ತೂಕ ನೋಡಿದ ನರ್ಸು, ಹಡಗಿಗೆ ಹೋಗಿಯೂ ಇವರು ಒಂದು ಗುಟುಕು ಹೆಚ್ಚು ಕುಡಿದಿಲ್ಲ ಎಂದು ಬಹಳ ಹೊಗಳಿದಳು. ಲಕ್ಕವ್ವ ಆ ಹೊಗಳಿಕೆಗೆ ಮುಖ ಕೊಡಲಿಲ್ಲ.

ಇದೆಲ್ಲ ಆಗಿ ಒಂದಷ್ಟು ಕಾಲವಾಯಿತು. ಈಗ ಯಂತ್ರ ವಾರಕ್ಕೆ ಮೂರು ಸಲ. ತಂಬಿಗೆ ಇನ್ನೂ ಸಣ್ಣದಾಗಿದೆ. ಕಾಲು ಬಾತಿರುತ್ತದೆ, ಒಲೆಯವರೆಗೆ ಹೋಗಲು ಗೋಡೆ ಹಿಡಿಯಬೇಕು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದನ್ನು ನಾನು ಅವಳಿಗೆ ಹೇಳಿಲ್ಲ, ಅವಳು ಕೇಳಿಯೂ ಇಲ್ಲ. ಇಬ್ಬರಿಗೂ ಗೊತ್ತಿದೆ. ನನಗೆ ಹೆದರಿಕೆಯಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಅವಳ ಉಸಿರಿನ ಸದ್ದಿಗೆ ಕಿವಿಗೊಡುವುದು ಈಗ ನನಗೆ ಬೇರೆಲ್ಲ ಚಟಗಳಿಗಿಂತ ದೊಡ್ಡ ಚಟ. ಬಸ್‌ಸ್ಟ್ಯಾಂಡಿನ ಹೋಟೆಲು ಬಿಟ್ಟಿದ್ದೇನೆ. ಅವಳು ಮಾಡಿದ್ದನ್ನು ಅವಳ ಎದುರೇ ಕೂತು ಕುಡಿಯುತ್ತೇನೆ.

ಊರಲ್ಲಿ ನನಗೊಂದು ಹೊಸ ಹೆಸರು ಬಂದಿದೆ. ಹಡಗಿನ ಪ್ಯಾಕೇಜುಗಳ ವಿಷಯ ತಿಳಿದವನು ಎಂದು. ಬಸಲಿಂಗಪ್ಪನೇ ಗಿರಾಕಿಗಳನ್ನು ನನ್ನ ಕಡೆ ಕಳಿಸುತ್ತಾನೆ. ಕಳೆದ ವಾರ ಬನಹಟ್ಟಿಯಿಂದ ನಿವೃತ್ತ ಮಾಸ್ತರರೊಬ್ಬರು ಬಂದಿದ್ದರು. ಎರಡು ಕಂಪನಿಯ ಬಣ್ಣದ ಕಾಗದ ಮೇಜಿನ ಮೇಲೆ ಹರವಿ, ಬರೀ ಟಿಕೀಟೋ, ಪ್ಯಾಕೇಜೋ, ಎಲ್ಲ ಸೇರಿದ್ದೋ, ನಿಮ್ಮ ಅನುಭವ ಹೇಳಬೇಕು ಎಂದರು. ನಾನು ಕನ್ನಡಕ ಹಾಕಿಕೊಂಡೆ. ಒಳಗಿನಿಂದ ಲಕ್ಕವ್ವ ಗೋಡೆ ಹಿಡಿದುಕೊಂಡು ಚಹಾ ತಂದಳು. ಮಾಸ್ತರರು ಅವಳ ಬಾತ ಕಾಲು ನೋಡಿ ಗಡಬಡಿಸಿದರು. ಮನೆಯಲ್ಲೇ ಕುಡಿದು ಬಂದೆ, ಯಾಕೆ ತೊಂದರೆ ತೆಗೆದುಕೊಂಡಿರಿ ಎಂದರು. ನಾನು ಅವರ ಕಾಗದಗಳನ್ನು ಅವರ ಕಡೆಗೇ ತಿರುಗಿಸಿ ಸರಿಸಿದೆ, ಕನ್ನಡಕ ತೆಗೆದು ಜೇಬಿಗಿಟ್ಟೆ.

ಮಾಸ್ತರರು ತಿಳಿದವರು. ಕಪ್ಪು ಎತ್ತಿಕೊಂಡರು. ಮೊದಲು ಸಂಕೋಚದಿಂದ, ಆಮೇಲೆ ರುಚಿ ಹತ್ತಿ, ಬಶಿಗೆ ಸುರುವಿಕೊಂಡು ಕುಡಿದರು. ನಾನು ಕನ್ನಡಕ ಮತ್ತೆ ಹಾಕಿಕೊಂಡೆ. ಲಕ್ಕವ್ವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಕಪ್ಪಿನ ತಳ ಕಂಡಾಗ ಕೇಳಿದಳು.

"ಇನ್ನೊಂದ್ ಅರ್ಧ ಹಾಕ್ಲೇನ್ರಿ?"

ಮಾಸ್ತರರು ನನ್ನ ಮುಖ ನೋಡಿದರು. ನಾನು ಕನ್ನಡಕಕ್ಕೆ ಕೈ ಹಾಕಿದೆ. ಅವರು ಕಪ್ಪು ಮುಂದೆ ಹಿಡಿದರು.